ಒಟ್ಟು ಸಲ್ಫರ್ ಎಷ್ಟಿದೆ ಎಂದು ನೋಡಿಯೇ ಮ್ಯಾಲೊಲ್ಯಾಕ್ಟಿಕ್‌ಗೆ ಕೈಹಾಕುವುದು

ಯೀಸ್ಟ್ ಹುದುಗಿನ ನಂತರ ಬ್ಯಾಕ್ಟೀರಿಯಾ ವೈನಿನ ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲವಾಗಿಸುವ ಎರಡನೇ ಹುದುಗೇ ಮ್ಯಾಲೊಲ್ಯಾಕ್ಟಿಕ್. ನಂದಿ ಬೆಟ್ಟದ ಕಡೆಯ ಶಿರಾಜ್ ಎಂಬ ಕೆಂಪು ವೈನಿನ ದ್ರಾಕ್ಷಿ ಫೆಬ್ರವರಿ-ಮಾರ್ಚ್ ಹೊತ್ತಿಗೆ ಕೈಗೆ ಬರುತ್ತದೆ. ಬಿಸಿಲಿಗೆ ಮಾಗಿದ ಹಣ್ಣಾದ್ದರಿಂದ ರಸದ ಪಿಎಚ್ 3.7ಕ್ಕೆ ಬಂದುಬಿಟ್ಟಿರುತ್ತದೆ. ನಾನು ಮೊದಲು ನೋಡುವುದು ಇದನ್ನೇ. ವೈನ್ ಕೆಡದಂತೆ ಹಾಕುವ ಸಲ್ಫರ್ ಡೈಆಕ್ಸೈಡಿನಲ್ಲಿ (ಮುಂದೆ ಬರೀ ಸಲ್ಫರ್ ಎನ್ನುತ್ತೇನೆ) ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿ ಹೆಚ್ಚಾಗಿ ಇರುವುದು ವಿದ್ಯುದಂಶವಿಲ್ಲದ ಅಣುರೂಪಕ್ಕೆ. ಅದು ಜೀವಕೋಶದ ಪೊರೆ ದಾಟಿ ಒಳಗೆ ಹೋಗಿ, ಅಲ್ಲಿ ಬೈಸಲ್ಫೈಟ್ ಆಗಿ ಸಿಕ್ಕಿಹಾಕಿಕೊಂಡು ಕಿಣ್ವಗಳನ್ನು ಕೆಡಿಸುತ್ತದೆ. ಬಿಡಿ ಸಲ್ಫರ್‌ನಲ್ಲಿ (ಬೇರೆ ಯಾವುದಕ್ಕೂ ಅಂಟಿಕೊಳ್ಳದೆ ಉಳಿದದ್ದರಲ್ಲಿ) ಆ ರೂಪದ ಪಾಲು ಪಿಎಚ್ 3.2ರಲ್ಲಿ ಸುಮಾರು ಶೇ. 4, 3.5ರಲ್ಲಿ ಶೇ. 2, 3.8ರಲ್ಲಿ ಬರೀ ಶೇ. 1. ಹಾಗಾಗಿ ‘30 ಪಿಪಿಎಂ (ಲೀಟರಿಗೆ 30 ಮಿಲಿಗ್ರಾಂ) ಹಾಕಿದ್ದೇನೆ’ ಎಂದರೆ ಏನೂ ಹೇಳಿದಂತಾಗಲಿಲ್ಲ.

ಹಿಂಡುವಾಗ 500 ಲೀಟರಿಗೆ 30 ಪಿಪಿಎಂ ಲೆಕ್ಕ: 15 ಗ್ರಾಂ ಸಲ್ಫರ್ ಡೈಆಕ್ಸೈಡ್. ಕೆಎಂಎಸ್‌ನಲ್ಲಿ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಪುಡಿಯಲ್ಲಿ) ಅದರ ಪ್ರಮಾಣ ಶೇ. 57ರಷ್ಟಿರುವುದರಿಂದ 26 ಗ್ರಾಂ ತೂಗಬೇಕು. ಪುಡಿಯನ್ನು ಮೇಲೆ ಉದುರಿಸುವುದಿಲ್ಲ, ನೀರಲ್ಲಿ ಕರಗಿಸಿ ಚೆನ್ನಾಗಿ ಬೆರೆಸುತ್ತೇನೆ. ಟಾರ್ಟಾರಿಕ್ ಆಮ್ಲ ಹಾಕಿ ಪಿಎಚ್ ಅನ್ನು 3.5ರ ಆಸುಪಾಸಿಗೆ ಇಳಿಸುವುದೂ ಆಗಲೇ. ಲೀಟರಿಗೆ 1 ಗ್ರಾಂಗೆ ಸುಮಾರು 0.1 ಇಳಿಯುತ್ತದೆ. ವೈನ್ ಕೆಡಿಸುವ ಕಾಡು ಬ್ಯಾಕ್ಟೀರಿಯಾಗಳಾದ ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್‌ಗಳಿಗೆ 3.5ರ ಮೇಲೆ ಹಬ್ಬ. ಯೀಸ್ಟ್ ನಡುವೆ ನಿಂತು ಸಕ್ಕರೆ ಉಳಿದಿದ್ದರಂತೂ ಅದನ್ನೇ ತಿಂದು ವಿನೆಗರ್ ಹುಳಿ ತಂದಿಡುತ್ತವೆ.

ಯೀಸ್ಟ್ ಹುದುಗು ಮುಗಿದ ಮೇಲೆ ಒಂದು ಹರಳೂ ಕೆಎಂಎಸ್ ಹಾಕುವುದಿಲ್ಲ. ಮ್ಯಾಲೊಲ್ಯಾಕ್ಟಿಕ್ ನಡೆಸಲು ಬೇಕಾದ ಬ್ಯಾಕ್ಟೀರಿಯಾ ಓಇನೋಕಾಕಸ್ ಓಇನಿ ತುಂಬ ನಾಜೂಕು. ಬಿಡಿ ಸಲ್ಫರ್ 10 ಪಿಪಿಎಂ ದಾಟಿದರೆ ತಡವರಿಸುತ್ತದೆ, ಬಿಡಿಯದೂ ಅಂಟಿಕೊಂಡದ್ದೂ ಸೇರಿ ಒಟ್ಟು 50 ದಾಟಿದರೆ ನನ್ನ ಮಟ್ಟಿಗೆ ಅಪಾಯ. ಬಹಳ ಜನ ಬಿಡಿ ಸಲ್ಫರ್ ಸೊನ್ನೆ ಕಂಡ ಕೂಡಲೇ ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) ಹಾಕಿಬಿಡುತ್ತಾರೆ. ಆದರೆ ಹುದುಗಿನಲ್ಲಿ ಹುಟ್ಟಿದ ಅಸಿಟಾಲ್ಡಿಹೈಡ್‌ಗೆ ಅಂಟಿಕೊಂಡ ಸಲ್ಫರ್ ಅಲ್ಲೇ ಕುಳಿತಿರುತ್ತದೆ. ಬ್ಯಾಕ್ಟೀರಿಯಾ ಆ ಅಸಿಟಾಲ್ಡಿಹೈಡನ್ನು ತಿಂದರೆ ಸಲ್ಫರ್ ಬಿಡುಗಡೆಯಾಗಿ ಅದರ ಮೇಲೆಯೇ ತಿರುಗಿ ಬೀಳುತ್ತದೆ. ಚೆನ್ನಾಗಿ ಶುರುವಾದದ್ದು ಅರ್ಧಕ್ಕೇ ನಿಲ್ಲುವುದು ಎಷ್ಟೋ ಸಲ ಹೀಗೆ. ಕೆಲವು ಯೀಸ್ಟ್‌ಗಳು ತಾವೇ ಸಲ್ಫರ್ ಹುಟ್ಟಿಸುತ್ತವೆ ಎಂಬುದೂ ಲೆಕ್ಕದಲ್ಲಿರಲಿ. ಅದಕ್ಕೇ ಕಲ್ಚರ್ ಹಾಕುವ ಮೊದಲು ಒಟ್ಟು ಸಲ್ಫರ್ ಅಳೆಯದೆ ನಾನು ಮುಂದೆ ಹೋಗುವುದಿಲ್ಲ. ಅಳೆಯಲು ಗಾಳಿ ಹಾಯಿಸುವ ವಿಧಾನವೇ (ಗಾಳಿಯ ಜೊತೆ ಹೊರಬಂದ ಸಲ್ಫರನ್ನು ಹಿಡಿದು ಅಳೆಯುವುದು) ಲೇಸು: 20 ಮಿಲಿ ವೈನಿಗೆ ಖರ್ಚಾದ 0.01 ನಾರ್ಮಲ್ ಕಾಸ್ಟಿಕ್ ಸೋಡದ ಮಿಲಿಗಳನ್ನು 16ರಿಂದ ಗುಣಿಸಿದರೆ ಪಿಪಿಎಂ ಸಿಕ್ಕಿತು. ಅಯೋಡಿನ್ ಟೈಟ್ರೇಷನ್ ಕೆಂಪು ವೈನಿನಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ಟ್ಯಾಂಕನ್ನು 18ರಿಂದ 22 ಡಿಗ್ರಿಯಲ್ಲಿಟ್ಟು ವಾರಕ್ಕೊಮ್ಮೆ ಕಾಗದದ ಕ್ರೊಮ್ಯಾಟೋಗ್ರಫಿ, ಎಂದರೆ ವೈನಿನ ಆಮ್ಲಗಳನ್ನು ಕಾಗದದ ಮೇಲೆ ಬೇರ್ಪಡಿಸಿ ನೋಡುವ ಪರೀಕ್ಷೆ. ಒಣಗಿದ ಕಾಗದ ನೀಲಿ-ಹಸಿರಾಗಿ, ಅದರ ಮೇಲೆ ಹಳದಿ ಚುಕ್ಕೆಗಳು ಏಳುತ್ತವೆ: ಕೆಳಗೆ ಟಾರ್ಟಾರಿಕ್, ನಡುವೆ ಮ್ಯಾಲಿಕ್, ಮೇಲೆ ಲ್ಯಾಕ್ಟಿಕ್. ನಡುವಿನ ಚುಕ್ಕೆ ಮಾಯವಾಯಿತೆಂದು ಅವತ್ತೇ ಸಲ್ಫರ್ ಹಾಕಬೇಡಿ. ಲೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆ ಮ್ಯಾಲಿಕ್ ಇದ್ದರೆ ಕಾಗದಕ್ಕೆ ಅದು ಕಾಣದು. ಇನ್ನೊಂದು ವಾರ ಬಿಡುತ್ತೇನೆ. ಆ ವಾರದಲ್ಲಿ ಬೆಣ್ಣೆ ವಾಸನೆಯೂ ತಗ್ಗುತ್ತದೆ.

ಆಮೇಲೆ ಹಾಕುವುದು ಒಂದೇ ಏಟಿಗೆ. 60 ಪಿಪಿಎಂ ಎಂದರೆ 500 ಲೀಟರಿಗೆ 53 ಗ್ರಾಂ ಕೆಎಂಎಸ್. ಒಂದಷ್ಟು ಅಂಟಿಕೊಂಡುಬಿಡುತ್ತದೆ, ಎರಡು ದಿನ ಬಿಟ್ಟು ಅಳೆಯಬೇಕು. ಮ್ಯಾಲಿಕ್ ಹೋದ ಮೇಲೆ ಪಿಎಚ್ ಮೇಲೇರಿ 3.65 ಆಗಿದ್ದರೆ, ಅಣುರೂಪ 0.5 ಪಿಪಿಎಂ ಇರಬೇಕೆಂದರೆ ಬಿಡಿ ಸಲ್ಫರ್ 35 ಬೇಕು, 0.8 ಬೇಕೆಂದರೆ 56. ಐದೈದು ಹತ್ತತ್ತು ಪಿಪಿಎಂ ಆಗಿ ಚಿಮುಕಿಸುವವರು ನಾಜೂಕಾದ ಓಇನೋಕಾಕಸನ್ನು ಮಾತ್ರ ಸಾಯಿಸಿ, ಗಟ್ಟಿ ಜೀವದ ಪೀಡಿಯೋಕಾಕಸ್‌ಗೆ ಜಾಗ ಮಾಡಿಕೊಡುತ್ತಾರೆ. ಅದು ವೈನನ್ನು ಲೋಳೆ ಲೋಳೆಯಾಗಿಸುತ್ತದೆ. ಸಲ್ಫರ್ ಸಾಲದ ವೈನಿನ ಇನ್ನೊಂದು ಕಾಯಿಲೆ ಇಲಿಗೂಡಿನ ವಾಸನೆ. ಲೋಟಕ್ಕೆ ಮೂಗಿಟ್ಟರೆ ಗೊತ್ತಾಗದು, ನುಂಗಿದ ಮೇಲೆ ಬಾಯಲ್ಲಿ ಏಳುತ್ತದೆ. ಅನುಮಾನವಿದ್ದರೆ ಒಂದು ಚಮಚ ವೈನಿಗೆ ಚಿಟಿಕೆ ಅಡುಗೆ ಸೋಡ ಹಾಕಿ ಮೂಸಿ.

ಪಿಎಚ್ 3.8ರ ಆಚೆ ಹೋದ ವೈನನ್ನು ಬರೀ ಸಲ್ಫರಿನಿಂದ ಕಾಯಲು ಹೋದರೆ ಸುಮಾರು 80 ಪಿಪಿಎಂ ಬಿಡಿ ಸಲ್ಫರ್ ಬೇಕಾಗುತ್ತದೆ, ಮೂಗು ಉರಿಯುತ್ತದೆ. ಅಂಥದಕ್ಕೆ ಮತ್ತೆ ಟಾರ್ಟಾರಿಕ್, ಇಲ್ಲವೇ ಮೊಟ್ಟೆಯ ಬಿಳಿಯಿಂದ ತೆಗೆದ ಲೈಸೋಜೈಮ್. ಅದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ಕೋಶಭಿತ್ತಿ ಒಡೆಯುತ್ತದೆ, ಯೀಸ್ಟ್‌ಗೂ ಅಸಿಟಿಕ್ ಬ್ಯಾಕ್ಟೀರಿಯಾಕ್ಕೂ ಏನೂ ಮಾಡದು.

ಕೆಎಂಎಸ್ ಡಬ್ಬಿಯ ಮೇಲೆ ತೆರೆದ ತಾರೀಖು ಬರೆಯುತ್ತೇನೆ. ತೇವ ಹಿಡಿದು ಗಡ್ಡೆ ಕಟ್ಟಿದ್ದು, ವರ್ಷ ದಾಟಿದ್ದು ಶೇ. 57 ಕೊಡುವುದಿಲ್ಲ. ಅದನ್ನು ಬಕೆಟ್ ತೊಳೆಯಲು ಇಟ್ಟುಕೊಂಡು ವೈನಿಗೆ ಹೊಸದನ್ನೇ ತರಿಸುತ್ತೇನೆ.