ಏರಿನಲ್ಲಿ ತಡವರಿಸುತ್ತಿದ್ದ ಡೀಸೆಲ್ ಗಾಡಿ: ನನ್ನ ಅನುಭವ

ಸೆಕೆಂಡ್ ಹ್ಯಾಂಡ್ ಕೊಂಡ ನನ್ನ ಡೀಸೆಲ್ ಫೋರ್ ವೀಲ್ ಡ್ರೈವ್ ನಿಂತಲ್ಲೇ ರೇಸ್ ಮಾಡಿದರೆ ಸಲೀಸಾಗಿತ್ತು. ಏರಿನಲ್ಲಿ ಆಕ್ಸಿಲರೇಟರ್ ತುಳಿದರೆ ಮಾತ್ರ 1,800 ಆರ್‌ಪಿಎಂ ಆಸುಪಾಸಿನಲ್ಲಿ ತಡವರಿಸಿ, ಆಮೇಲೆ ಎಳೆಯುತ್ತಿತ್ತು. ಹಿಂದೆ ಕಪ್ಪು ಹೊಗೆ.

ಆ ಹೊಗೆಯೇ ದಾರಿ ತೋರಿಸಿತು. ಡೀಸೆಲ್ ಸಾಲದೆ ಎಂಜಿನ್ ಸೊರಗಿದರೆ ಸಾಮಾನ್ಯವಾಗಿ ಕಪ್ಪು ಹೊಗೆ ಬರುವುದಿಲ್ಲ. ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗದಿದ್ದರೆ ಬರುತ್ತದೆ. ಆದರೂ ಫ್ಯೂಯೆಲ್ ಫಿಲ್ಟರ್ ಬದಲಿಸಿದೆ, ಹಳೆ ಗಾಡಿಗೆ ಅದು ಹೇಗೂ ಬೇಕು. ಏರ್ ಫಿಲ್ಟರ್ ಚೊಕ್ಕವಾಗಿತ್ತು. ಎರರ್ ಕೋಡ್ ಒಂದೂ ಇರಲಿಲ್ಲ. ಸ್ಕ್ಯಾನರ್ ಹಾಕಿಕೊಂಡು ಓಡಿಸಿದಾಗ ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್‌ನ ಒತ್ತಡ) ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಕೇಳಿದಷ್ಟೇ ಇತ್ತು. ಟರ್ಬೊ ಬೂಸ್ಟ್ (ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ) ಮಾತ್ರ ಕೇಳಿದ್ದಕ್ಕಿಂತ ಬಹಳ ಕಡಿಮೆ.

ಈ ಹಂತದಲ್ಲಿ ಟರ್ಬೊ ಬಿಚ್ಚಲು ಒಪ್ಪಬೇಡಿ, ಮೊದಲು ಟರ್ಬೊದಿಂದ ಎಂಜಿನ್‌ಗೆ ಗಾಳಿ ಒಯ್ಯುವ ಹೋಸ್ ಸೋರುತ್ತಿದೆಯೇ ನೋಡಿಸಿ. ಗಾಳಿ ಹೋಗುವ ಪೈಪುಗಳಿಗೆ ಹಗುರ ಒತ್ತಡದ ಗಾಳಿ ತುಂಬಿಸಿ ಸೋಪಿನ ನೀರು ಚಿಮುಕಿಸಿದೆವು. ಇಂಟರ್‌ಕೂಲರ್ (ಟರ್ಬೊ ತಳ್ಳುವ ಗಾಳಿಯನ್ನು ತಂಪು ಮಾಡುವ ಭಾಗ) ಹೋಸ್‌ನ ಕೆಳಮೈಯಲ್ಲಿ, ಕ್ಲಾಂಪ್ ಪಕ್ಕದಲ್ಲೇ ಗುಳ್ಳೆ ಎದ್ದಿತು. ಒತ್ತಡ ಇಲ್ಲದಾಗ ಆ ಸೀಳು ಕೂಡಿಕೊಂಡು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ! ಟೇಪ್ ಬಿಸಿಗೂ ಎಣ್ಣೆಗೂ ನಿಲ್ಲದು. ಹೊಸ ಹೋಸ್, ಹೊಸ ಕ್ಲಾಂಪ್ ಹಾಕಿಸಿದೆ. ಬೂಸ್ಟ್ ಸೆನ್ಸರ್ ಮೇಲಿನ ಮಸಿಯನ್ನೂ ತೆಗೆಸಿದೆ.

ಈಗ ಬೂಸ್ಟ್ ಕೇಳಿದಷ್ಟು ಬರುತ್ತಿದೆ, ಕಪ್ಪು ಹೊಗೆ ನಿಂತಿದೆ.