ಬೇರು ತೆಗೆಯಿರಿ, ಶತಾವರಿಯ ತಲೆ ಬಿಡಿ

ಶತಾವರಿ ಬೇರು ಬೇಕೆಂದರೆ ಬಳ್ಳಿ ಸಾಯಲೇಬೇಕು ಅಂತೇನೂ ಇಲ್ಲ. ಚಿಂಚೋಳಿ ಕಡೆಯ ನಮ್ಮೂರಿನಲ್ಲಿ ಈ ಮಾತು ಒಪ್ಪಿಸೋದೇ ದೊಡ್ಡ ಕೆಲಸ. ಬೇರು ಹುಡುಕಿ ಬರುವವರು ಬುಡಸಮೇತ ಅಗೆಯುತ್ತಾರೆ. ಗಡ್ಡೆಯೆಲ್ಲ ಚೀಲಕ್ಕೆ ತುಂಬಿ, ಮುಳ್ಳುಬಳ್ಳಿಯನ್ನು ಅಲ್ಲೇ ಎಸೆದು ಹೋಗುತ್ತಾರೆ. ಮೊದಲು ಬೇಲಿಸಾಲಿನಲ್ಲಿ, ಹಳ್ಳದ ದಂಡೆಯಲ್ಲಿ ತಾನಾಗೇ ಬೆಳೆದಿರುತ್ತಿದ್ದ ಬಳ್ಳಿಯನ್ನು ಈಗ ಹುಡುಕಿಕೊಂಡು ಹೋಗಬೇಕು. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು, ಅದರೊಳಗೆ ಬೇರು ಅಗೆಯುವ ಹಾಗಿಲ್ಲ. ಹೊಲದ ಬದುಗಳಿಗೆ ಅಂಥ ಕಾವಲು ಎಲ್ಲಿಂದ ಬರಬೇಕು?

ನಾನು ತೊಗರಿ ಬೆಳೆಯುವವನು. ಶತಾವರಿ ನನಗೆ ದುಡ್ಡಿನ ಬೆಳೆಯಲ್ಲ. ಮನೆಗೆ, ನೆಂಟರ ಮನೆಯ ಬಾಣಂತಿಯರಿಗೆ ಸಾಕಾಗುವಷ್ಟು ಬದುವಿನ ಮೇಲೆ ಬೆಳೆಸಿಕೊಂಡಿದ್ದೇನೆ.

ಬೀಜದಿಂದಲೇ ಶುರು ಮಾಡಿದೆ. ಹಣ್ಣು ಬಟಾಣಿಗಿಂತ ಸಣ್ಣದು, ಬೇಸಿಗೆ ಹೊತ್ತಿಗೆ ಕೆಂಪಾಗುತ್ತದೆ. ಹಕ್ಕಿಗಳು ಮುಗಿಸುವ ಮುಂಚೆ ಕೊಯ್ಯಬೇಕು. ಹಿಸುಕಿ ತೊಳೆದರೆ ಒಳಗೆ ಕರಿ ಬೀಜ, ಅದರ ಸಿಪ್ಪೆ ಬಲು ಗಟ್ಟಿ. ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮರಳು ಮತ್ತು ಹಳೆ ಗೊಬ್ಬರ ಬೆರೆಸಿದ ಚೀಲಕ್ಕೆ ಹಾಕುತ್ತೇನೆ. ಮೊಳಕೆಗೆ ಮೂರು ನಾಲ್ಕು ವಾರ ಬೇಕು. ಎಷ್ಟೋ ಬೀಜ ಏಳುವುದೇ ಇಲ್ಲ, ಅದಕ್ಕೇ ಬೇಕಾದ್ದಕ್ಕಿಂತ ಜಾಸ್ತಿ ಹಾಕಿ.

ಎರೆ ಮಣ್ಣಿನಲ್ಲಿ ಮಾತ್ರ ನೆಡಬೇಡಿ. ಮಳೆಗಾಲದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ, ಒಣಗಿದ ಮೇಲೆ ಅಗೆಯಲು ಹೋದರೆ ಗುದ್ದಲಿ ಪುಟಿಯುತ್ತದೆ. ನೀರು ಬಸಿದು ಹೋಗುವ ಕೆಂಪು ಮಣ್ಣು ಒಳ್ಳೆಯದು. ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಟ್ಟು, ಹತ್ತಿಕೊಳ್ಳಲು ಒಂದು ಒಣ ತೊಗರಿ ಕಟ್ಟಿಗೆ ನೆಟ್ಟರೆ ಸಾಕು. ನಮ್ಮ ಬಿಸಿಲಿಗೆ ಬೇಸಿಗೆಯಲ್ಲಿ ಮೇಲಿನ ಬಳ್ಳಿ ಹಳದಿಯಾಗಿ ಒಣಗುತ್ತದೆ. ಸತ್ತಿತು ಅಂತ ಕಿತ್ತೆಸೆಯುವವರಿದ್ದಾರೆ. ನೀರನ್ನೆಲ್ಲ ಗಡ್ಡೆಯಲ್ಲಿ ಹಿಡಿದಿಟ್ಟುಕೊಂಡು ಬಳ್ಳಿ ಕಾಯುತ್ತಿರುತ್ತದೆ ಅಷ್ಟೇ. ಮಿರಗದ ಮಳೆ ಬಿದ್ದರೆ ಹೊಸ ಚಿಗುರು ಏಳುತ್ತದೆ.

ಅಗೆಯೋದು ಎರಡನೇ ವರ್ಷದ ಚಳಿಗಾಲದಲ್ಲಿ. ಇದನ್ನು ನನಗೆ ಕಲಿಸಿದವಳು ಪಕ್ಕದ ತಾಂಡಾದ ಒಬ್ಬ ಮುದುಕಿ. "ತಮ್ಮಾ, ತಲಿಗಿ ಗುದ್ದಲಿ ತಾಗಸಬ್ಯಾಡ. ತಲಿ ಇದ್ರ ಮುಂದಿನ ವರ್ಷ ಮತ್ತ ಅದ" ಅಂದಿದ್ದಳು. ತಲೆ ಅಂದರೆ ಬಳ್ಳಿಯೂ ಬೇರುಗಳೂ ಕೂಡುವ ಗಂಟು. ಚಿಗುರು ಹೊರಡುವ ಮೊಗ್ಗುಗಳು ಇರೋದು ಅಲ್ಲೇ. ನಾನು ಬುಡದ ಒಂದೇ ಮಗ್ಗುಲಿನ ಮಣ್ಣು ಬಿಡಿಸುತ್ತೇನೆ. ಬಿಳಿ ಬೇರುಗಳು ಬೆರಳುಗಳ ಹಾಗೆ ಗೊಂಚಲಾಗಿ ಕಾಣುತ್ತವೆ. ದಪ್ಪನೆಯವನ್ನು ತಲೆಯಿಂದ ಸ್ವಲ್ಪ ಕೆಳಗೆ ಕುಡುಗೋಲಿನಿಂದ ಕೊಯ್ದು, ಇನ್ನೊಂದು ಮಗ್ಗುಲನ್ನು ಮುಟ್ಟದೆ ಮಣ್ಣು ಮುಚ್ಚುತ್ತೇನೆ. ಮುಂದಿನ ಸಲ ಆ ಕಡೆ. ತಲೆ ದೊಡ್ಡದಾಗಿದ್ದರೆ ಮೊಗ್ಗು ಮತ್ತು ಒಂದೆರಡು ಬೇರು ಇರುವ ತುಂಡು ಬಿಡಿಸಿ ಬೇರೆ ಕಡೆ ನೆಡಬಹುದು. ಇದು ಬೀಜಕ್ಕಿಂತ ಬೇಗ ಕೈಗೆ ಬರುತ್ತದೆ.

ಬೇರನ್ನು ತೊಳೆದು, ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಹಾಕಿದರೆ ಸಿಪ್ಪೆ ಕೈಯಲ್ಲೇ ಬಿಡುತ್ತದೆ. ನಡುವೆ ಗಟ್ಟಿ ನಾರು ಇರುತ್ತದೆ, ಅದನ್ನೂ ಎಳೆದು ತೆಗೆಯಬೇಕು. ಆಮೇಲೆ ಹೆಚ್ಚಿ ನೆರಳಲ್ಲಿ ಒಣಗಿಸೋದು. ಹತ್ತು ಕಿಲೋ ಹಸಿ ಬೇರು ಒಣಗಿದರೆ ಒಂದು ಕಿಲೋ ಆಸುಪಾಸು. ಅಂಗಡಿಯ ಪುಡಿ ತೀರಾ ಅಗ್ಗಕ್ಕೆ ಸಿಕ್ಕರೆ ನನಗೆ ಅನುಮಾನ ಬರೋದು ಇದಕ್ಕೇ.

ಕುಡಿಯಲು ಕ್ಷೀರಪಾಕ ಮಾಡುತ್ತೇವೆ. ಒಂದು ಪಾಲು ಪುಡಿಗೆ 8 ಪಾಲು ಹಾಲು, 32 ಪಾಲು ನೀರು. ಅಂದರೆ 5 ಗ್ರಾಂ ಪುಡಿಗೆ 40 ಮಿಲಿ ಹಾಲು, 160 ಮಿಲಿ ನೀರು. ಸಣ್ಣ ಉರಿಯಲ್ಲಿ ನೀರೆಲ್ಲ ಆರಿ ಹಾಲಷ್ಟೇ ಉಳಿಯಬೇಕು. ಬಾಣಂತಿಗೆ ಎದೆಹಾಲು ಹೆಚ್ಚಲಿ ಅಂತ ಕೊಡುತ್ತಾರೆ, ಹೊಟ್ಟೆಯುರಿಗೂ ಕೊಡುತ್ತಾರೆ. ಹೊಟ್ಟೆಯುರಿಗೆ ನನಗಂತೂ ಹಿಡಿಸಿದೆ. ಎದೆಹಾಲಿನ ವಿಷಯದಲ್ಲಿ ನಡೆದ ಸಣ್ಣ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವದರಲ್ಲಿ ಗುಣ ಕಂಡಿದೆ, ಕೆಲವದರಲ್ಲಿ ಇಲ್ಲ. ಮಗುವಿನ ತೂಕ ಏರದಿದ್ದರೆ ಇದನ್ನೇ ನಂಬಿ ಕೂರದೆ ಡಾಕ್ಟರ್ ಹತ್ತಿರ ಹೋಗಿ. ಬಸುರಿಯರು, ದಿನಾ ಬೇರೆ ಮಾತ್ರೆ ನುಂಗುವವರು ಕೇಳದೆ ಕುಡಿಯಬಾರದು. ಇದು ತಂಪು, ಜೀರ್ಣಕ್ಕೂ ಭಾರ. ಕಫ ಕಟ್ಟಿದವರಿಗೆ ನಮ್ಮನೆಯಲ್ಲಿ ಕೊಡೋದಿಲ್ಲ.

ಪುಡಿ ಕೇಳಿ ಬರುವವರಿಗೆ ಈಗ ಸಸಿಯನ್ನೂ ಕೊಟ್ಟು ಕಳಿಸುತ್ತೇನೆ. ನರ್ಸರಿಯಿಂದ ತರುವವರು ಒಂದು ನೋಡಿಕೊಳ್ಳಿ. ಹೂಗುಚ್ಛಕ್ಕೆ ಸೇರಿಸುವ ಅಲಂಕಾರದ ಫರ್ನ್ ಇದೆಯಲ್ವಾ, ಅದೂ ಇದೇ ಕುಲದ್ದು, ನೋಡಲೂ ಹಾಗೇ ಇರುತ್ತದೆ. ಮದ್ದಿಗೆ ಅದು ಬೇಡ. ಔಷಧಿ ಗಿಡ ಬೆಳೆಸುವವರ ಹತ್ತಿರವೇ ಕೇಳಿ ತನ್ನಿ.