ಇರುವೆಗೂಡಿನಲ್ಲಿ ಮೊಟ್ಟೆಯಿಡುವ ಕಂದು ಮರಕುಟಿಗ: ನನ್ನ ಅನುಭವ

ಹುಣಸೂರು ತಾಲ್ಲೂಕಿನಲ್ಲಿ, ನಾಗರಹೊಳೆ ಕಾಡಿನ ಆನೆ ಕಂದಕಕ್ಕೆ ಹೊಂದಿಕೊಂಡಂತೆ ನಮ್ಮ ಭಾವನವರ ಮಾವಿನ ತೋಟವಿದೆ. ಕಾಡಿನೊಳಗೆ ನಡೆದು ಓಡಾಡುವಂತಿಲ್ಲವಾದ್ದರಿಂದ ನನ್ನ ಪಕ್ಷಿವೀಕ್ಷಣೆಯೆಲ್ಲ ಈ ತೋಟದಲ್ಲೇ ನಡೆಯುತ್ತದೆ. ಕಂದು ಮರಕುಟಿಗದ ಗೂಡನ್ನು ನೋಡಬೇಕೆಂದು ಮೊದಲ ಎರಡು ವರ್ಷ ನಾನು ಒಣಗಿದ ಮತ್ತಿ, ದಿಂಡಿಗದ ಕಾಂಡಗಳಲ್ಲಿ ಪೊಟರೆ ಹುಡುಕುತ್ತಾ ಅಲೆದೆ. ಸಿಕ್ಕ ಪೊಟರೆಗಳೆಲ್ಲ ಹೊಂಬೆನ್ನಿನ ಮರಕುಟಿಗದವು. ಅವುಗಳಲ್ಲೂ ಒಂದೆರಡನ್ನು ಗಿಳಿಗಳು ಆಗಲೇ ವಶಪಡಿಸಿಕೊಂಡಿದ್ದವು.

ಹಕ್ಕಿ ಇರುವುದಂತೂ ಖಚಿತವಾಗಿತ್ತು. ಸುಮಾರು 25 ಸೆಂಟಿಮೀಟರ್ ಉದ್ದ, ಮೈಯೆಲ್ಲ ಕೆಂಗಂದು, ರೆಕ್ಕೆ ಮತ್ತು ಬಾಲದ ಮೇಲೆ ಕಪ್ಪು ಪಟ್ಟೆ, ಗಿಡ್ಡ ಕಪ್ಪು ಕೊಕ್ಕು. ಗಂಡಿಗೆ ಕಣ್ಣಿನ ಕೆಳಗೊಂದು ಕೆಂಪು ಮಚ್ಚೆ. ಇದರ ಕೂಗು ಮೈನಾದ ಕೂಗನ್ನು ಹೋಲುವುದರಿಂದ ನಾನು ಎಷ್ಟೋ ಬೆಳಗುಗಳನ್ನು ಮೈನಾಗಳ ಹಿಂದೆ ಕಳೆದಿದ್ದೇನೆ. ನಂಬಬಹುದಾದ ಗುರುತೆಂದರೆ ಅದು ಮರ ಬಡಿಯುವ ಸದ್ದು: ಬಿರುಸಾಗಿ ಆರಂಭವಾಗಿ, ಎಣ್ಣೆ ಮುಗಿದ ಡೀಸೆಲ್ ಪಂಪು ಮುಗ್ಗರಿಸಿ ನಿಲ್ಲುವಂತೆ, ಬರಬರುತ್ತಾ ನಿಧಾನವಾಗಿ ನಿಂತುಹೋಗುತ್ತದೆ.

ಮೂರನೆಯ ವರ್ಷದ ಮಾರ್ಚ್‌ನಲ್ಲಿ, ಮಾವಿನ ಕೊಂಬೆಯ ಮೇಲೆ ತೆಂಗಿನಕಾಯಿಗಿಂತ ತುಸು ದೊಡ್ಡದಾಗಿದ್ದ ಕಪ್ಪು ಉಂಡೆಯೊಂದಕ್ಕೆ ಈ ಹಕ್ಕಿ ತೂಗಿಬಿದ್ದಿರುವುದನ್ನು ಕಂಡೆ. ಅದು ಕ್ರೆಮಾಟೋಗ್ಯಾಸ್ಟರ್ ಕುಲದ ಇರುವೆಗಳ ಗೂಡು. ಕೆಂಜಿಗಗಳು ಎಲೆ ಹೆಣೆದು ಗೂಡು ಮಾಡುತ್ತವೆ, ಇವು ಹಾಗಲ್ಲ. ಗಿಡಗಳ ನಾರನ್ನು ಅಗಿದು, ರಟ್ಟಿನಂಥ ವಸ್ತುವಿನಿಂದ ಗೂಡು ಕಟ್ಟುತ್ತವೆ, ಕೆಣಕಿದರೆ ಹೊಟ್ಟೆಯ ತುದಿಯನ್ನು ಬೆನ್ನಿನ ಮೇಲಕ್ಕೆ ಎತ್ತುತ್ತವೆ. ಹಕ್ಕಿ ಇರುವೆ ತಿನ್ನಲು ಬಂದಿದೆಯೆಂದು ನಾನು ಭಾವಿಸಿದೆ. ಆದರೆ ಅದು ಗೂಡಿನ ಪಕ್ಕದಲ್ಲಿದ್ದ ದುಂಡನೆಯ ಕಿಂಡಿಯೊಳಗೆ ಪೂರ್ತಿಯಾಗಿ ನುಗ್ಗಿತು, ಅರ್ಧ ಗಂಟೆಯಾದರೂ ಹೊರಬರಲಿಲ್ಲ. ಕಂದು ಮರಕುಟಿಗವು ಇರುವೆಗಳು ಇನ್ನೂ ವಾಸವಾಗಿರುವ ಇಂಥ ಗೂಡನ್ನೇ ಕೊರೆದು, ಸಾಮಾನ್ಯವಾಗಿ ಎರಡು ಅಥವಾ ಮೂರು ಬಿಳಿಯ ಮೊಟ್ಟೆಗಳನ್ನಿಡುತ್ತದೆ. ಅದರ ಮುಖ್ಯ ಆಹಾರವೂ ಇರುವೆ ಮತ್ತು ಅವುಗಳ ಮರಿಗಳೇ ಎಂಬುದನ್ನು ನೆನೆದರೆ, ಊಟದ ತಟ್ಟೆಯಲ್ಲೇ ತೊಟ್ಟಿಲು ಕಟ್ಟಿದಂತಾಯಿತು. ಬಾಳೆಯ ರಸ, ಅತ್ತಿ ಜಾತಿಯ ಹಣ್ಣುಗಳೂ ಇದಕ್ಕೆ ಆಗುತ್ತವೆ.

ಮೊದಲ ದಿನ ನಾನು ಹದಿನೈದು ಹೆಜ್ಜೆ ದೂರದಲ್ಲಿ ಕುಳಿತು ತಪ್ಪು ಮಾಡಿದೆ. ಮರಳಿ ಬಂದ ಹಕ್ಕಿ ಕಾಂಡದ ಹಿಂಬದಿಗೆ ಸರಿದು, ಇಣುಕಿ ನೋಡಿ, ಒಳಗೆ ಹೋಗದೆ ಹಾರಿಹೋಯಿತು. ಮರುದಿನದಿಂದ ದನದ ಕೊಟ್ಟಿಗೆಯ ಗೋಡೆಯ ಹಿಂದೆ, ಅರವತ್ತು ಹೆಜ್ಜೆ ದೂರಕ್ಕೆ ಹೋಗಿ ಕುಳಿತೆ. ಆಗ ಅದು ಹತ್ತು ನಿಮಿಷದೊಳಗೆ ಒಳಹೊಕ್ಕಿತು. ಗಂಡು ಹೆಣ್ಣು ಸರದಿಯಂತೆ ಕಾವು ಕೂರುವುದನ್ನು ಕೆನ್ನೆಯ ಕೆಂಪು ಮಚ್ಚೆಯ ಸಹಾಯದಿಂದಲೇ ಲೆಕ್ಕ ಹಾಕಿದೆ. ಸ್ಪಾಟಿಂಗ್ ಸ್ಕೋಪಿನಲ್ಲಿ ನೋಡಿದಾಗ ಬಾಲದ ಗರಿಗಳಿಗೆ ಸಾಸಿವೆ ಕಾಳಿನಂಥವು ಅಂಟಿಕೊಂಡಿದ್ದವು. ಅವು ಇರುವೆಗಳ ತಲೆಗಳು: ಮೈ ಕಳಚಿಹೋದ ಮೇಲೂ ದವಡೆಗಳು ಕಚ್ಚಿದ ಗರಿಯನ್ನು ಬಿಟ್ಟಿರಲಿಲ್ಲ.

ಮುಂದಿನ ವರ್ಷ ಫೆಬ್ರವರಿಯಲ್ಲಿ ಹೋಗುವಷ್ಟರಲ್ಲಿ ತೋಟದ ಇರುವೆಗೂಡುಗಳಿಗೆಲ್ಲ ಹೊಗೆ ಹಾಕಿ ಕೆಡವಲಾಗಿತ್ತು. ಕೇಳಿದ್ದಕ್ಕೆ ಭಾವ, "ಇರುವೆ ಕೈಲಿ ಕಚ್ಚಿಸ್ಕೊಂಡು ಯಾರಪ್ಪಾ ಕಾಯಿ ಕೀಳ್ತಾರೆ?" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕೊನೆಗೆ ಕಂದಕದ ಬದಿಯ ಮೂರು ಮರಗಳ ಕಾಯಿಯನ್ನು ಕಡೆಯಲ್ಲಿ ಕೀಳುವುದೆಂದೂ, ಅಲ್ಲಿಯವರೆಗೆ ಅವುಗಳಲ್ಲಿ ಇರುವೆಗಳು ಹೊಸದಾಗಿ ಕಟ್ಟುವ ಗೂಡುಗಳನ್ನು ಮುಟ್ಟಬಾರದೆಂದೂ ಒಪ್ಪಂದವಾಯಿತು. ಹೊಸ ಗೂಡು ತೆಂಗಿನಕಾಯಿಯ ಗಾತ್ರಕ್ಕೆ ಬೆಳೆಯಲು ಎರಡು ಮಳೆಗಾಲ ಹಿಡಿಯಿತು. ಈ ವರ್ಷ ಅದರ ಪಕ್ಕದಲ್ಲಿ ಹೆಬ್ಬೆರಳು ಹೋಗುವಷ್ಟು ಕೊರೆತ ಕಾಣಿಸಿಕೊಂಡಿದೆ, ಅದರ ಸುತ್ತ ಇರುವೆಗಳು ಹೊಟ್ಟೆ ಎತ್ತಿಕೊಂಡು ಓಡಾಡುತ್ತಿವೆ.